ಗಳದ ಆಚೆ ನಿಂತ ಅಕ್ಕ

ಕೊರೋನಾದ ಮೊದಲ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮೊಮ್ಮಗಳು ಬಿಸಿನೀರಿನ ಪಾತ್ರೆಗೆ ನೀಲಗಿರಿ ಎಣ್ಣೆ ಬಿಟ್ಟು ನನ್ನ ಮುಂದಿಟ್ಟಳು. ಮುಸುಕು ಹಾಕಿಕೊಂಡು ಉಗಿ ತೆಗೆದುಕೋ ಎಂದು ಹೇಳಿ ತಾನು ಬಾಗಿಲ ಹತ್ತಿರ ಹೋಗಿ ನಿಂತಳು. ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಅವಳು ಆ ದಿನಗಳಲ್ಲಿ ನನ್ನ ಹತ್ತಿರ ಸುಳಿಯುತ್ತಿರಲಿಲ್ಲ. ಟವೆಲ್ಲಿನ ಕತ್ತಲೊಳಗೆ ಆ ವಾಸನೆ ಮೂಗಿಗೆ ಏರಿತು ನೋಡಿ, ಹಿತ್ತಲ ಗೋಡೆಯ ಆಚೆ ಯಾರೋ ಬಂದು ನಿಂತ ಹಾಗಾಯಿತು. ಈಗಿನ ನಮ್ಮ ಮನೆಗೆ ಹಿತ್ತಲೇ ಇಲ್ಲ. ಆದರೂ ಟವೆಲ್ಲು ಸರಿಸಿ ನೋಡಿದೆ. ಮೊಮ್ಮಗಳೊಬ್ಬಳೇ ನಿಂತಿದ್ದಳು.

ಅರವತ್ತು ವರ್ಷಕ್ಕೂ ಹಿಂದೆ, ಹಾನಗಲ್ಲಿನಲ್ಲಿ, ಆ ವಾಸನೆಯ ಜೊತೆಗೇ ನಮ್ಮ ಹಿತ್ತಲಿಗೆ ಬರುತ್ತಿದ್ದವಳು ಖಾನಾವಳಿ ಅಕ್ಕ. ಊರಿಗೆಲ್ಲ ಆಕೆ ಅಕ್ಕನೇ. ಮುದುಕರೂ ಹಾಗೇ ಕರೆಯುತ್ತಿದ್ದರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮರುವರ್ಷ, ಐವತ್ತೇಳನೆಯ ಇಸವಿ ಅದು. ಮಾವನವರು ಸಂಸ್ಕೃತ ಪಂಡಿತರು, ಸುತ್ತಲಿನ ಊರುಗಳಿಗೆ ಹೋಗಿ ಪುರಾಣ ಹೇಳುತ್ತಿದ್ದರು. ಅತ್ತೆಯವರ ಮಡಿ ಓಣಿಗೆಲ್ಲ ಗೊತ್ತಿದ್ದದ್ದು. ನಮ್ಮವರು ಶಿಗ್ಗಾವಿಯಲ್ಲಿ ಶಾಲೆಯ ಮಾಸ್ತರರು. ಅಲ್ಲೇ ಒಂದು ಕೋಣೆ ಹಿಡಿದಿದ್ದರು. ಶನಿವಾರದ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುವರು. ಮನೆಯ ಮುಂಬಾಗಿಲು ಬ್ರಾಹ್ಮಣರೇ ಇರುವ ಓಣಿಗೆ ತೆರೆದರೆ, ಹಿತ್ತಲ ಬಾಗಿಲು ಬಸ್ ಸ್ಟ್ಯಾಂಡಿಗೆ ಹೋಗುವ ಪೇಟೆಯ ಓಣಿಗೆ ತೆರೆಯುತ್ತಿತ್ತು. ಅತ್ತೆಯವರು ಆ ಹಿತ್ತಲ ಬಾಗಿಲು ದಾಟಿದ್ದನ್ನು ಕಂಡವರಿಲ್ಲ. ದಾಟಿದರೆ ಎದುರಿಗೇ ಖಾನಾವಳಿ.

ಅಕ್ಕ ತಿಳವಳ್ಳಿ ಕಡೆಯ ಒಕ್ಕಲುತನದ ಮನೆಯವಳು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಹಾನಗಲ್ಲಿಗೆ ಬಂದು, ಒಂದು ಉದ್ದನೆಯ ಪಡಸಾಲೆ ಬಾಡಿಗೆ ಹಿಡಿದು, ಮೂಲೆಯಲ್ಲಿ ಒಲೆ ಹೂಡಿದ್ದಳು. ಕಚೇರಿಯ ಕಾರಕೂನರು, ಬಸ್ಸಿನ ಡ್ರೈವರುಗಳು, ಬತ್ತ ಅಡಿಕೆ ಮಾರಲು ಬಂದ ರೈತರು, ಎಲ್ಲರೂ ಒಂದೇ ಸಾಲಿನಲ್ಲಿ ಮಣೆ ಹಾಕಿಕೊಂಡು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂಡುವರು. ಆಕೆ ರೊಟ್ಟಿ ಬಡಿಯುವ ಸಪ್ಪಳ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಇನ್ನೊಂದು ಕೈಯಲ್ಲಿ ತಯಾರು. ನೀರಿನ ತಂಬಿಗೆ ಒಂದೇ, ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬರುತ್ತಿತ್ತು. ಬತ್ತದ ಧಾರಣೆ ಅಲ್ಲೇ ಗೊತ್ತಾಗುತ್ತಿತ್ತು, ಹೆಣ್ಣು ಗಂಡಿನ ಸಂಬಂಧಗಳು ಅಲ್ಲೇ ಕುದುರುತ್ತಿದ್ದವು. ಊಟವಾದ ಮೇಲೂ ಯಾರೂ ಬೇಗ ಏಳುವವರಲ್ಲ. ಸವಣೂರಿನ ವೀಳ್ಯದೆಲೆಯ ಸಂಚಿ ಬಿಚ್ಚಿದರೆ ಅದು ಎಲ್ಲರ ಕೈ ಹಾಯ್ದು ಬರುವವರೆಗೆ ಮಾತು ನಡೆಯಬೇಕು.

ನನ್ನ ನಾದಿನಿಗೆ ಆ ಖಾನಾವಳಿಯ ಮೇಲೆ ಚಿಕ್ಕಂದಿನಿಂದಲೂ ಆಸೆ. ಹಿತ್ತಲ ಗೋಡೆಯ ಮೇಲೆ ಗಲ್ಲ ಊರಿ, ಅಲ್ಲಿ ಉಣ್ಣುವವರನ್ನು ನೋಡುತ್ತ ನಿಲ್ಲುತ್ತಿದ್ದಳಂತೆ. ಅತ್ತೆಯವರು ಬೈದು ಒಳಗೆ ಕರೆಯುವರಂತೆ. ಆಕೆಯನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಆ ವರ್ಷ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನನಗೂ ಆಕೆಗೂ ಒಂದೇ ವಯಸ್ಸು. ಹೊಸ ಮನೆಯಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಆಕೆಯೇ. ಇಬ್ಬರೂ ಒಂದೇ ಜಮಖಾನೆಯ ಮೇಲೆ ಮಲಗಿ, ಅತ್ತೆಯವರು ಗದರಿಸುವವರೆಗೂ ಪಿಸುಪಿಸು ಮಾತಾಡುತ್ತಿದ್ದೆವು. ಬಯಕೆ ಏನು ಎಂದು ಕೇಳಿದರೆ ಮಾವಿನಕಾಯಿ ಅಲ್ಲ, ಹುಣಸೆ ಅಲ್ಲ, ಅಕ್ಕನ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಚಟ್ನಿಪುಡಿ ಎನ್ನುವಳು. ಮೆಲ್ಲಗೆ ಹೇಳಿ ನಗುವಳು...

ಮೃಗಶಿರದ ಮಳೆ ಹಿಡಿದ ಹೊತ್ತಿಗೆ ಹೊಸ ಜ್ವರದ ಸುದ್ದಿ ಬಂತು. ಹಡಗಿನಲ್ಲಿ ಮದ್ರಾಸಿಗೆ ಬಂದು ಇಳಿದಿದೆ, ಮುಂಬಯಿಯಲ್ಲಿ ಮನೆಗೊಬ್ಬರು ಮಲಗಿದ್ದಾರೆ ಎಂದು ಪೇಪರಿನಲ್ಲಿ ಓದಿ ಹೇಳುತ್ತಿದ್ದರು. ಎಲ್ಲೋ ದೂರದ ಮಾತು ಅಂದುಕೊಂಡೆವು. ಆಮೇಲೆ ಹುಬ್ಬಳ್ಳಿ ಎಂದರು. ಆಮೇಲೆ ಬಸ್ಸಿನ ಡ್ರೈವರೊಬ್ಬ ಖಾನಾವಳಿಯಲ್ಲಿ ಉಣ್ಣುತ್ತ ಕೂತವನು ತಟ್ಟೆಯ ಮುಂದೆಯೇ ಪಕ್ಕಕ್ಕೆ ಒರಗಿದ. ಅಷ್ಟೇ. ಒಂದು ವಾರದೊಳಗೆ ಊರಿನ ಚಹರೆಯೇ ಬದಲಾಯಿತು.

ಶಾಲೆ ಮುಚ್ಚಿತು. ಕಚೇರಿಯಲ್ಲಿ ಅರ್ಧ ಕುರ್ಚಿ ಖಾಲಿ. ಡ್ರೈವರಿಲ್ಲದೆ ಬಸ್ಸುಗಳು ನಿಂತಲ್ಲೇ ನಿಂತವು. ಪೇಟೆಗೆ ಬಂದ ಬತ್ತದ ಚಕ್ಕಡಿಗಳು ಇಳಿಸುವ ಹಮಾಲರಿಲ್ಲದೆ ತಿರುಗಿ ಹೋದವು. ಸವಣೂರಿನಿಂದ ಬಂದ ಎಲೆಯ ಪೆಂಡಿಗಳು ಕೊಳ್ಳುವವರಿಲ್ಲದೆ ಕೊಳೆತವು, ಏಕೆಂದರೆ ಇನ್ನೊಬ್ಬರ ಸಂಚಿಗೆ ಕೈ ಹಾಕಲು ಯಾರಿಗೂ ಧೈರ್ಯವಿರಲಿಲ್ಲ. ಎದುರಿಗೆ ಬಂದವರನ್ನು ಕಂಡು ಜನ ಓಣಿಯ ಆ ಮಗ್ಗುಲಿಗೆ ಸರಿಯತೊಡಗಿದರು. ಪರಸ್ಪರ ಮಾತಾಡಿಸದೆ ಹೋಗುವುದು ಆ ಊರಿನಲ್ಲಿ ಜಗಳವಾಡಿದವರು ಮಾತ್ರ ಮಾಡುವ ಕೆಲಸವಾಗಿತ್ತು. ಈಗ ಊರಿಗೆ ಊರೇ ಜಗಳವಾಡಿದಂತೆ ಕಾಣುತ್ತಿತ್ತು. ಕಿರಾಣಿ ಅಂಗಡಿಯವನು ಅಡಿಕೆ ಮರದ ದಬ್ಬೆಯೊಂದನ್ನು ಸೀಳಿ, ಗಲ್ಲಾಪೆಟ್ಟಿಗೆಯ ಪಕ್ಕದಿಂದ ಬೀದಿಗೆ ಇಳಿಜಾರಾಗಿ ಕಟ್ಟಿದ. ಬೆಲ್ಲ ಬೇಳೆಯ ಪೊಟ್ಟಣಗಳು ಅದರಲ್ಲಿ ಜಾರಿ ಬಂದು ಗಿರಾಕಿಯ ಚೀಲಕ್ಕೆ ಬೀಳುತ್ತಿದ್ದವು. ಬೇರೆ ದಿನಗಳಾಗಿದ್ದರೆ ಊರೆಲ್ಲ ನೋಡಿ ನಗುತ್ತಿತ್ತೇನೋ. ಆಗ ಯಾರೂ ನಗಲಿಲ್ಲ.

ಅಕ್ಕನ ಸಾಲು ಖಾಲಿಯಾಯಿತು. ಒಂದೆರಡು ದಿನ ಆಕೆ ಒಲೆ ಹಚ್ಚಿಕೊಂಡು ಸುಮ್ಮನೆ ಕೂತಿದ್ದನ್ನು ನಾನು ಹಿತ್ತಲಿನಿಂದ ನೋಡಿದ್ದೇನೆ. ಮೂರನೆಯ ದಿನ ರೊಟ್ಟಿಯ ಸಪ್ಪಳ ಮತ್ತೆ ಕೇಳಿತು. ತೆಳ್ಳಗೆ ಬಡಿದ ರೊಟ್ಟಿಗಳನ್ನು ಒಲೆಯ ಸುತ್ತ ಗೋಡೆಗೆ ಆನಿಸಿ ನಿಲ್ಲಿಸಿ, ಹಪ್ಪಳದ ಹಾಗೆ ಗರಿಗರಿ ಒಣಗಿಸುತ್ತಿದ್ದಳು. ಕಡಕ್ ರೊಟ್ಟಿ ಎಂಬುದು ಒಕ್ಕಲಿಗರ ಮನೆಗಳಲ್ಲಿ ಎಂದಿನಿಂದಲೂ ಇದ್ದದ್ದೇ. ವಾರಗಟ್ಟಲೆ ಕೆಡುವುದಿಲ್ಲ. ಆದರೆ ಅದನ್ನು ಮಾರುವುದು, ಕೊಳ್ಳುವುದು ಯಾರಿಗೂ ಗೊತ್ತಿರಲಿಲ್ಲ. ಹೊರಗಿನಿಂದ ರೊಟ್ಟಿ ತಂದರು ಎಂದರೆ ಆ ಮನೆಯ ಹೆಂಗಸಿಗೆ ಅವಮಾನ. ಆದರೆ ಈಗ ಮನೆಮನೆಯಲ್ಲಿ ಹೆಂಗಸರೇ ಮಲಗಿದ್ದರು, ಗಂಡಸರಿಗೆ ಒಲೆ ಹಚ್ಚಲು ಬರುತ್ತಿರಲಿಲ್ಲ.

ಸರಕಾರಿ ದವಾಖಾನೆಯ ಡಾಕ್ಟರನ್ನು ಹೋಗಿ ಕೇಳಿಕೊಂಡು ಬಂದಳಂತೆ. ಆತ ಹೇಳಿದ ಹಾಗೆ ಬಟ್ಟೆಗಳನ್ನು ಕುದಿಸಿ ಒಣಗಿಸಿ, ಅದರಲ್ಲಿ ರೊಟ್ಟಿ, ಹಿಂಡಿ, ಒಂದು ತುಣುಕು ಬೆಲ್ಲ ಕಟ್ಟುವಳು. ಸೆರಗಿಗೆ ನೀಲಗಿರಿ ಎಣ್ಣೆ ಹಚ್ಚಿ ಮೂಗು ಬಾಯಿ ಸುತ್ತಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು ಹೊರಡುವಳು. ಕಟ್ಟೆಯ ಮೇಲೆ ಗಂಟು ಇಟ್ಟು, ಓಣಿಯ ಆಚೆ ಬದಿಗೆ ಹೋಗಿ ನಿಂತು ಕೂಗುವಳು:

"ರೊಟ್ಟಿ ಇಟ್ಟೇನ್ರಿ. ನಾ ದೂರ ನಿಂತೇನಿ. ಬಂದ್ ತಗೋರಿ."

ಯಾರಾದರೂ ಬಂದು ಗಂಟು ಒಳಗೆ ತೆಗೆದುಕೊಂಡು ಹೋಗುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಬಾಗಿಲು ತೆರೆಯದಿದ್ದರೆ ಮತ್ತೆ ಕೂಗುವಳು. ಅವಳ ಆ ಕೂಗಿನಿಂದಲೇ ಒಳಗಿನವರ ಅವಸ್ಥೆ ಎಷ್ಟೋ ಮನೆಗಳಲ್ಲಿ ನೆರೆಹೊರೆಗೆ ತಿಳಿದದ್ದುಂಟು.

ಮಾವನವರು ಪುರಾಣ ಹೇಳಲು ಸವಣೂರಿಗೆ ಹೋದವರು ಬಸ್ಸು ನಿಲ್ಲುವ ಹಿಂದಿನ ದಿನ ಕೆಮ್ಮುತ್ತಲೇ ಬಸ್ಸಿನಿಂದ ಇಳಿದು ಬಂದಿದ್ದರು. ಅವರ ಶುಶ್ರೂಷೆ ಮಾಡಿದ ಅತ್ತೆಯವರು ಮಲಗಿದರು. ಅವರಿಬ್ಬರನ್ನೂ ನೋಡಿಕೊಂಡ ನನಗೆ ಮೈ ಕೆಂಡವಾಯಿತು. ನಮ್ಮವರಿಗೆ ಶಿಗ್ಗಾವಿಯಲ್ಲೇ ಜ್ವರ ಹಿಡಿದಿತ್ತು, ಬರುವ ಹಾಗಿರಲಿಲ್ಲ. ನಾದಿನಿಯೊಬ್ಬಳು ಮಾತ್ರ ತುಂಬಿದ ಹೊಟ್ಟೆ ಹೊತ್ತು ಓಡಾಡಿಕೊಂಡಿದ್ದಳು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂಡಲು ಆಕೆಗೆ ಆಗುತ್ತಿರಲಿಲ್ಲ. ಒಂದು ದಿನ ನಮ್ಮ ಅಡುಗೆಮನೆಯಿಂದ ಹೊಗೆ ಏಳಲಿಲ್ಲ.

ಅದನ್ನು ಅಕ್ಕ ಗಮನಿಸಿದ್ದಳು. ಹಿತ್ತಲ ಗೋಡೆಯ ಮೇಲೆ ಗಂಟು ಇಟ್ಟು, ಆಚೆ ಹೋಗಿ ನಿಂತಳು. ಆದರೆ ಎಲ್ಲ ಮನೆಗಳಿಗೆ ಕೂಗಿದ ಹಾಗೆ ನಮ್ಮ ಮನೆಗೆ ಕೂಗಲಿಲ್ಲ. ನಾವು ಅವಳ ಕೈಯ ಅಡುಗೆ ಮುಟ್ಟದವರು ಎಂಬುದು ಅವಳಿಗೆ ತಿಳಿದದ್ದೇ. ಬೇಕಾದರೆ ತೆಗೆದುಕೊಳ್ಳಲಿ, ಬೇಡವಾದರೆ ಕಾಗೆ ತಿನ್ನಲಿ ಎನ್ನುವ ಹಾಗೆ, ನಮಗೆ ಮುಜುಗರವಾಗದಂತೆ ಮುಖ ಆ ಕಡೆ ತಿರುಗಿಸಿ ನಿಂತಳು. ನಾದಿನಿ ಹೋಗಿ ಗಂಟು ತಂದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಒರಗಿ ಕೂತಿದ್ದೆ. ಅತ್ತೆಯವರ ಕೋಣೆಯ ಕಡೆ ನೋಡಿದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಕೆ ರೊಟ್ಟಿ ಮುರಿದಳು. ಹಿತ್ತಲಲ್ಲೇ ಕೂತು, ಹಿಂಡಿಗೆ ಎಣ್ಣೆ ಕಲಸಿಕೊಂಡು, ಕಣ್ಣು ಮುಚ್ಚಿ ತಿಂದಳು. ಎಷ್ಟೋ ವರ್ಷ ಗೋಡೆಯ ಮೇಲೆ ಗಲ್ಲ ಊರಿ ಕಾದದ್ದು ಅಂದು ಕೈಗೆ ಬಂದಿತ್ತು. ಅತ್ತೆ ಮಾವನವರಿಗೆ ನಾನು ಹೇಗೋ ಎದ್ದು ಗಂಜಿ ಕಾಯಿಸಿದೆ. ಅದಕ್ಕಿಂತ ಹೆಚ್ಚಿನದು ಆ ದಿನಗಳಲ್ಲಿ ನನ್ನ ಕೈಲಾಗಲಿಲ್ಲ.

ಹೀಗೆ ಕೆಲವು ದಿನ ನಡೆಯಿತು. ನನ್ನ ಜ್ವರ ಇಳಿಯುತ್ತ ಬಂದಿತ್ತು. ಒಂದು ಬೆಳಗ್ಗೆ ನಾದಿನಿ ಗೋಡೆಯ ಹತ್ತಿರ ಹೋಗಿ ಅಕ್ಕನಿಗೆ, ಒಣಗಿದ್ದು ಸಾಕು, ಹಂಚಿನಿಂದ ಇಳಿದ ಬಿಸಿ ರೊಟ್ಟಿ ತಿನ್ನಬೇಕು ಅನಿಸುತ್ತದೆ ಎಂದಳು. ಅಕ್ಕ ಬುಟ್ಟಿ ಹೊತ್ತು ಹೋದಳು. ಮರುದಿನ ಬುಟ್ಟಿಯ ತಳದಲ್ಲಿ ಬಟ್ಟೆ ಸುತ್ತಿ ಬಿಸಿ ರೊಟ್ಟಿ ತಂದಿದ್ದಳು, ಮೇಲೆ ಬೆಣ್ಣೆ ಕರಗುತ್ತಿತ್ತು. ಎಂದಿನಂತೆ ಗೋಡೆಯ ಮೇಲೆ ಇಟ್ಟು ಹಿಂದೆ ಸರಿಯುವವಳಿದ್ದಳು. ನಾದಿನಿ ಹಿತ್ತಲ ಬಾಗಿಲ ಅಗಳಿ ತೆಗೆದುಬಿಟ್ಟಳು.

"ಇಷ್ಟ ದೂರ ನಿಂತ್ರ ಹೆಂಗ ಅಕ್ಕಾ? ಒಳಗ ಬಾ. ನೀನs ಒಂದ ತುತ್ತ ಹಾಕು."

ಅಕ್ಕ ತಲೆಯಾಡಿಸಿದಳು. ಬ್ಯಾಡವ್ವ, ಊರೆಲ್ಲ ತಿರಗ್ಯಾಡಿ ಬಂದೇನಿ ಎಂದಳು. ನಾದಿನಿ ಆಕೆಯ ಕೈ ಹಿಡಿದು ಎಳೆದುಕೊಂಡೇ ಬಂದಳು. ಇಬ್ಬರೂ ನುಗ್ಗೆಯ ಗಿಡದ ಕೆಳಗೆ ಕೂತರು. ಅಕ್ಕ ಮೂಗಿನ ಸೆರಗು ಜಾರಿದ್ದನ್ನೂ ಗಮನಿಸದೆ, ರೊಟ್ಟಿ ಮುರಿದು ಬೆಣ್ಣೆ ಸವರಿ ಆಕೆಯ ಬಾಯಿಗೆ ಇಟ್ಟಳು. ಹೊಟ್ಟೆಯಲ್ಲಿ ಕೂಸು ಒದ್ದಿತೋ ಏನೋ, ನಾದಿನಿ ಅಕ್ಕನ ಅಂಗೈ ತೆಗೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಅಕ್ಕನ ಮುಖ ನಾನು ಆಗ ನೋಡಿದೆ. ಮಳೆ ಬಿಟ್ಟಿತ್ತು. ನುಗ್ಗೆಯ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಆಕೆ ಕೈ ತೆಗೆಯಲಿಲ್ಲ...

ಮರುದಿನ ಅಕ್ಕ ಬರಲಿಲ್ಲ. ಖಾನಾವಳಿಯ ಬಾಗಿಲು ಅರ್ಧ ಮುಚ್ಚಿತ್ತು. ಅವಳಿಗೂ ಜ್ವರ ಬಂದು ಮಲಗಿದ್ದಾಳೆ ಎಂದು ಓಣಿಯಲ್ಲಿ ಯಾರೋ ಹೇಳಿದರು. ಅದರ ಮರುದಿನವೋ ಆಚೆಯ ದಿನವೋ ನಾದಿನಿ ಬೆಳಗ್ಗೆ ಏಳಲಿಲ್ಲ. ಮೈ ಮುಟ್ಟಿದರೆ ಸುಡುತ್ತಿತ್ತು.

ನಮಗೆಲ್ಲ ಬಂದು ಹೋದ ಜ್ವರವೇ. ಆದರೆ ಆಕೆಯನ್ನು ಅದು ಬೇರೆಯೇ ರೀತಿ ಹಿಡಿಯಿತು. ಉಸಿರಿಗೆ ಉಸಿರು ಕೂಡುತ್ತಿರಲಿಲ್ಲ. ದಿಂಬಿಗೆ ಆನಿಸಿ ಕೂಡಿಸಿದರೆ ಮಾತ್ರ ಸ್ವಲ್ಪ ಸಮಾಧಾನ. ದವಾಖಾನೆಯ ಡಾಕ್ಟರು ತಾನೂ ಜ್ವರದಿಂದ ಎದ್ದು ಬಂದವನು, ಗೋಡೆ ಹಿಡಿದುಕೊಂಡೇ ನಿಂತು ಪರೀಕ್ಷೆ ಮಾಡಿದ. ಹುಬ್ಬಳ್ಳಿಗೆ ಕರೆದೊಯ್ಯಿರಿ ಎಂದ. ಬಸ್ಸಿಲ್ಲ, ಇದ್ದ ಒಂದು ಮೋಟಾರಿನ ಡ್ರೈವರು ಮಲಗಿದ್ದ. ಹಿರೇಕೆರೂರಿಗೆ ಆಳು ಕಳಿಸಿದೆವು, ಆಕೆಯ ಗಂಡ ಮಳೆಯಲ್ಲಿ ಸೈಕಲ್ಲು ತುಳಿದುಕೊಂಡು ಬಂದ. ಆತ ಬರುವ ಮುಂಚೆಯೇ ದಿನ ತುಂಬದ ಕೂಸು ಹುಟ್ಟಿ ತೀರಿಕೊಂಡಿತ್ತು. ಗಂಡನ ಮುಖ ನೋಡಿ ಆಕೆ ಗುರುತು ಹಿಡಿದಳು ಎಂದೇ ನಾನು ತಿಳಿದಿದ್ದೇನೆ. ಮಧ್ಯಾಹ್ನ ಮಳೆ ಜೋರಾದಾಗ...

ಹೊರಲು ನಾಲ್ಕು ಜನ ಸೇರಿಸುವುದೇ ಕಷ್ಟವಾಯಿತು. ಬೇರೆ ಕಾಲವಾಗಿದ್ದರೆ ಓಣಿಯ ಹೆಂಗಸರು ಅತ್ತೆಯವರನ್ನು ಸುತ್ತುಗಟ್ಟಿ ಕೂಡುತ್ತಿದ್ದರು. ಅಂದು ಕಿಟಕಿಗಳಲ್ಲಿ ಮುಖಗಳು ಕಂಡವು, ಬಾಗಿಲು ತೆರೆಯಲಿಲ್ಲ. ಓಣಿಯ ತುದಿಯಲ್ಲಿ ಮಾತ್ರ ಒಬ್ಬಳು ಕಂಬಕ್ಕೆ ಆತು ನಿಂತಿದ್ದಳು. ಕಂಬಳಿ ಹೊದ್ದಿದ್ದಳು. ಜ್ವರದಿಂದ ಎದ್ದು ಬಂದ ಅಕ್ಕ. ಹೆಣ ಮುಂದೆ ಹೋದಾಗ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಳು.

ಅದಾದ ಕೆಲವು ದಿನಕ್ಕೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನನಗೆ ನೀಲಗಿರಿಯ ವಾಸನೆ ಬಂತು. ತಲೆ ಎತ್ತಿದೆ. ಗೋಡೆಯ ಆಚೆ, ಓಣಿಯ ಆ ಬದಿಯಲ್ಲಿ ಅಕ್ಕ ನಿಂತಿದ್ದಳು. ಬುಟ್ಟಿ ಇರಲಿಲ್ಲ.

"ತಂಗಿ, ನಾ ತಂದ್ನೇನು?"

ಏನು ಎಂದು ನಾನು ಕೇಳಲಿಲ್ಲ. ಇಲ್ಲ ಅಕ್ಕ ಎಂದೆ. ನೀನು ಬರುವುದಕ್ಕೆ ಮುಂಚೆಯೇ ನಮ್ಮ ಮನೆಯಲ್ಲಿ ಮೂವರು ಮಲಗಿದ್ದೆವಲ್ಲ ಎಂದೆ. ಆಕೆ ಅದನ್ನು ಕೇಳಿಸಿಕೊಂಡಳು. ಅದನ್ನೂ ತೂಗಿ ನೋಡಿಯೇ ಬಂದಿದ್ದಳು ಎಂದು ಕಾಣುತ್ತದೆ.

"ನಿಮಗೆಲ್ಲಾರಿಗೂ ಬಂತು. ನಿಮ್ಮ ಜೋಡಿನ ಇದ್ಲು, ಆಕಿಗಿ ಬರಲಿಲ್ಲ. ನಾ ಮುಟ್ಟಿದ ಮ್ಯಾಲ ಬಂತು."

ನಾನು ಮತ್ತೆ ಇಲ್ಲವೆಂದೆ. ಆಣೆ ಮಾಡಿ ಹೇಳಿದೆ. ನಾದಿನಿಯೇ ಕೈ ಹಿಡಿದು ಎಳೆದು ತಂದದ್ದಲ್ಲವೇ ಎಂದೆ. ಅದಕ್ಕೆ ಆಕೆ, ಹುಡುಗಿ ಎಳೀತು, ನನಗ ತಿಳೀಬೇಕಿತ್ತು ಎಂದಳು. ತನ್ನ ಬಲಗೈಯನ್ನು ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿಕೊಂಡಳು. ಹಾಗೇ ತಿರುಗಿ ಹೋದಳು.

ಆಮೇಲೆ ಖಾನಾವಳಿಯ ಬಾಗಿಲು ಮುಚ್ಚಿತು. ರೊಟ್ಟಿಯ ಸಪ್ಪಳ ನಿಂತುಹೋಯಿತು. ಜ್ವರ ಊರಿನಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಗಂಟಿಗಾಗಿ ಕಾಯುವ ಮನೆಗಳಿದ್ದವು. ಕೆಲವರು ಬಂದು ಬಾಗಿಲು ಬಡಿದು ಹೋದರು. ನನಗೆ ತಡೆಯಲಾಗಲಿಲ್ಲ. ಅತ್ತೆಯವರ ಮುಂದೆ ಕೂತು ಎಲ್ಲ ಹೇಳಿದೆ. ಗೋಡೆಯ ಮೇಲಿನ ಗಂಟು, ಬಿಸಿ ರೊಟ್ಟಿ, ನುಗ್ಗೆಯ ಗಿಡ, ಅಕ್ಕ ಕೇಳಿದ ಮಾತು, ಎಲ್ಲ. ಮಗಳು ಸತ್ತಾಗಿನಿಂದ ಅತ್ತೆಯವರು ಮಾತು ಕಡಿಮೆ ಮಾಡಿದ್ದರು. ಎದ್ದು ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಹೆದರಿದೆ.

ಮರುದಿನ ಅವರು ಹಿತ್ತಲ ಬಾಗಿಲ ಅಗಳಿ ತೆಗೆಯುವುದನ್ನು ಕಂಡು ನಾನು ಹಿಂದೆ ಹಿಂದೆಯೇ ಹೋದೆ. ಸೆರಗು ಬಿಗಿಯಾಗಿ ಹೊದ್ದು, ಕೆಸರು ತುಳಿಯುತ್ತ ಓಣಿ ದಾಟಿದರು. ಖಾನಾವಳಿಯ ಕದ ತಳ್ಳಿ ಹೊಸ್ತಿಲ ಹೊರಗೆ ನಿಂತರು. ಅಕ್ಕ ತಣ್ಣಗಾದ ಒಲೆಯ ಪಕ್ಕ ಕೂತಿದ್ದಳು. ಇವರನ್ನು ಕಂಡು ಗಡಬಡಿಸಿ ಎದ್ದು ಹಿಂದಿನ ಗೋಡೆಯವರೆಗೆ ಸರಿದಳು.

ಅತ್ತೆಯವರು ಹೇಳಿದರು: "ನನ್ನ ಮಗಳು ಕಡೀಗೆ ಹೊಟ್ಟಿತುಂಬ ಉಂಡದ್ದು ನಿನ್ನ ಕೈಲೆ. ಅದನ್ನ ನಾನೂ ತಿಂದು ನೋಡಬೇಕು."

"ಒಲಿ ಹಚ್ಚಿಲ್ಲರಿ ಅವ್ವಾರ."

"ಹಚ್ಚು. ನಾ ನಿಂತಿರ್ತೀನಿ."

ಅಕ್ಕ ಒಲೆ ಹಚ್ಚಿದಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದನ್ನು ಹಂಚಿನ ಮೇಲೆ ಹಾಕಿದಳು. ಅತ್ತೆಯವರು ಅಷ್ಟು ಹೊತ್ತೂ ಜಿಟಿಜಿಟಿ ಮಳೆಯಲ್ಲಿ ನಿಂತೇ ಇದ್ದರು. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹೊಸ್ತಿಲ ಮೇಲಿಟ್ಟು ಅಕ್ಕ ಮತ್ತೆ ಗೋಡೆಯವರೆಗೂ ಹಿಂದೆ ಹೋದಳು. ಅತ್ತೆಯವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಬಂದರು. ಒದ್ದೆಯಾದ ನೆಲವನ್ನೂ ನೋಡದೆ ನುಗ್ಗೆಯ ಗಿಡದ ಬುಡದಲ್ಲಿ ಕೂತು, ಒಂದೊಂದೇ ತುಣುಕು ಮುರಿದು ತಿಂದರು. ಆಮೇಲೆ ತಲೆಗೆ ನೀರು ಹಾಕಿಕೊಂಡು ಒಳಗೆ ಹೋದರು. ಆ ದಿನದ ಬಗ್ಗೆ ಮಾವನವರಿಗಾಗಲಿ ಬೇರೆ ಯಾರಿಗಾಗಲಿ ಅವರು ಒಂದು ಮಾತು ಹೇಳಿದವರಲ್ಲ.

ಅಂದಿನಿಂದ ಅಕ್ಕನ ಒಲೆ ಮತ್ತೆ ಉರಿಯಿತು. ಇನ್ನು ಎಲ್ಲ ಸರಿಹೋಯಿತು ಎಂದು ನಾನು ತಿಳಿದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಜ್ವರ ಬಂದ ಹಾಗೆಯೇ ಹೊರಟುಹೋಗಿತ್ತು. ಬಸ್ಸು ಓಡಿದವು, ಕಚೇರಿ ತುಂಬಿತು. ಹಳೆಯ ಗಿರಾಕಿಗಳು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಖಾನಾವಳಿಗೆ ಬಂದರು. ಬಾಗಿಲಿಗೆ ಅಡ್ಡಲಾಗಿ ಸೊಂಟದೆತ್ತರಕ್ಕೆ ಒಂದು ಬಿದಿರ ಗಳ ಕಟ್ಟಿತ್ತು. ಮಣೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮೂಲೆಗೆ ಇಟ್ಟಿದ್ದಳು. ಕಟ್ಟಿ ಕೊಡತೇನಿ, ಮನಿಗೆ ಒಯ್ದು ಉಣ್ರಿ ಎಂದು ಗಳದ ಆಚೆಯಿಂದ ಹೇಳಿದಳು. ಅವರು ಚೇಷ್ಟೆ ಮಾಡಿದರು, ಬೇಡಿಕೊಂಡರು, ಕೆಲವರು ಸಿಟ್ಟಾದರು. ಅಕ್ಕ ಗಳ ತೆಗೆಯಲಿಲ್ಲ. ಗಂಟನ್ನು ಗಳಕ್ಕೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವಳು. ಗಿರಾಕಿ ಎತ್ತಿಕೊಂಡು ಹೋದ ಮೇಲೆಯೇ ಮುಂದೆ ಬರುವಳು.

ಅದರಿಂದ ಆಕೆಯ ವ್ಯಾಪಾರ ಕುಂದಲಿಲ್ಲ, ಬೆಳೆಯಿತು. ಜ್ವರದ ದಿನಗಳಲ್ಲಿ ಕೊಂಡ ರೊಟ್ಟಿ ತಿಂದ ಮನೆಗಳಿಗೆ ಆ ಸಂಕೋಚ ಬಿಟ್ಟುಹೋಗಿತ್ತು. ಹೊಲದ ಕೆಲಸದ ಹೊತ್ತಿನಲ್ಲಿ, ಮದುವೆಯ ಗಡಿಬಿಡಿಯಲ್ಲಿ, ಊರಿಗೆ ಹೊರಟಾಗ ಜನ ಗಂಟಿಗಾಗಿ ಬರತೊಡಗಿದರು. ಜ್ವರದಲ್ಲಿ ಗಂಡನನ್ನು ಕಳೆದುಕೊಂಡ ಇಬ್ಬರು ಹೆಂಗಸರನ್ನು ರೊಟ್ಟಿ ಬಡಿಯಲು ಇಟ್ಟುಕೊಂಡಳು. ಅವರ ಒಲೆಗಳನ್ನು ಪಡಸಾಲೆಯ ಆ ತುದಿಗೆ ಹೂಡಿಸಿದಳು, ತನ್ನದು ಈ ತುದಿಗೆ. ರೊಟ್ಟಿಯ ಪೆಟ್ಟಿಗೆಗಳು ಬಸ್ಸಿನ ತಲೆಯ ಮೇಲೆ ಹಾವೇರಿಗೆ, ಹುಬ್ಬಳ್ಳಿಗೆ ಹೋದವು. ಹಬ್ಬಗಳಲ್ಲಿ ಮಾಸೂರಿನ ಕಡೆಯಿಂದಲೂ ಚಕ್ಕಡಿ ಬರುತ್ತಿತ್ತು. ದಲಾಲಿ ಅಡತಿ ಅಂಗಡಿಯ ಸಾಹುಕಾರರು ಆಕೆಯ ಬುದ್ಧಿಯನ್ನು ಹೊಗಳುತ್ತಿದ್ದರು. ಕೂಡಿಸಿ ಉಣಬಡಿಸಿದರೆ ಹೊತ್ತಿಗೆ ಇಪ್ಪತ್ತು ಜನ, ಕಟ್ಟಿ ಕೊಟ್ಟರೆ ಊರಿಗೆ ಊರೇ ಗಿರಾಕಿ. ಜ್ವರ ಎಲ್ಲರನ್ನೂ ಮುಳುಗಿಸಿತು, ಅಕ್ಕ ಮಾತ್ರ ಅದರಲ್ಲೇ ದಾರಿ ಕಂಡುಕೊಂಡಳು ಎನ್ನುತ್ತಿದ್ದರು. ಅವಳನ್ನು ನೋಡಿ ಪೇಟೆಯಲ್ಲಿ ಇನ್ನೊಬ್ಬರು ಅದೇ ಧಂದೆ ಹೂಡಿದರು, ಅವರೂ ಬಾಗಿಲಿಗೆ ಗಳ ಕಟ್ಟಿದರು. ಅದು ವ್ಯಾಪಾರದ ರೀತಿ ಎಂದೇ ಅವರು ತಿಳಿದದ್ದು. ಗಳ ಯಾಕೆ ಬಂತು ಎಂಬುದು ಗೊತ್ತಿದ್ದದ್ದು ನಮ್ಮ ಮನೆಯ ಇಬ್ಬರು ಹೆಂಗಸರಿಗೆ ಮಾತ್ರ.

ಊರಿನಲ್ಲಿ ಎಷ್ಟೋ ಸಂಗತಿಗಳು ಹಳೆಯ ದಾರಿಗೆ ಬಂದವು. ಎಲೆಯ ಸಂಚಿ ಮತ್ತೆ ಕೈಯಿಂದ ಕೈಗೆ ಹೋಯಿತು. ಆದರೆ ಆ ಸಾಲು ಹೋದದ್ದು ಹೋಯಿತು. ಬಸ್ ಸ್ಟ್ಯಾಂಡಿನ ಎದುರು ಟೇಬಲ್ಲು ಕುರ್ಚಿಯ ಹೋಟೆಲ್ಲು ಬಂತು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗ್ಲಾಸು. ತಿಂದು ಎದ್ದು ಹೋಗುವರು, ಪಕ್ಕದವನು ಯಾವ ಊರಿನವನೆಂದು ಕೇಳುತ್ತಿರಲಿಲ್ಲ. ಸಂಜೆ ಅಕ್ಕನ ಪಡಸಾಲೆಯಲ್ಲಿ ದೀಪ ಹಚ್ಚಿದಾಗ ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ಅಷ್ಟು ಉದ್ದನೆಯ ಜಾಗದಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಬಲಗೈ ತೊಳೆಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ತೊಳೆದು, ಒರೆಸಿ, ಮತ್ತೆ ತೊಳೆಯುವಳು...

ನಮ್ಮವರಿಗೆ ಹಿರೇಕೆರೂರಿಗೆ ವರ್ಗವಾಗಿ ನಾನೂ ಜೊತೆಗೆ ಹೋದೆ. ಅಲ್ಲಿ ನನಗೆ ಮಗಳು ಹುಟ್ಟಿದಳು. ಅರವತ್ತನೆಯ ಇಸವಿಯ ನಂತರ ಒಮ್ಮೆ ಹಾನಗಲ್ಲಿಗೆ ಬಂದಾಗ ಅಕ್ಕನಿಗೆ ತೋರಿಸಬೇಕೆಂದು ಮಗಳನ್ನು ಕರೆದುಕೊಂಡು ಓಣಿ ದಾಟಿದೆ. ಆಕೆಯ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಮುಖ ಅರಳಿತು. ಹಿರೇಕೆರೂರಿನ ಮಳೆ ಬೆಳೆ ಕೇಳಿದಳು, ನಮ್ಮವರ ಆರೋಗ್ಯ ಕೇಳಿದಳು. ಅಷ್ಟರಲ್ಲಿ ಮಗಳು ನನ್ನ ಕೈ ಬಿಡಿಸಿಕೊಂಡು ಗಳದ ಕೆಳಗೆ ನುಸುಳಿ ಒಳಗೆ ಓಡಿದಳು. ಅಕ್ಕ ಬೆಂಕಿ ಕಂಡವಳ ಹಾಗೆ ಹಿಂದೆ ಹಿಂದೆ ಸರಿದಳು. ಹಿಂದಿನ ಗೋಡೆಗೆ ಬೆನ್ನು ಹತ್ತಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ತಂಗಿ, ಕೂಸಿನ್ನ ಕರಕೋ," ಎಂದಳು. "ಲಗೂ ಕರಕೋ."

ಜ್ವರ ಹೋಗಿ ಎಷ್ಟೋ ವರ್ಷವಾಯಿತಲ್ಲ ಅಕ್ಕ ಎಂದೆ, ಒಳಗೆ ಹೋಗಿ ಮಗಳನ್ನು ಎತ್ತಿಕೊಂಡು. ಆಕೆ ನನ್ನ ಕಡೆ ನೋಡಿದಳು. ನಾನು ಗಳ ದಾಟಿ ಹೊರಗೆ ಬರುವವರೆಗೂ ಕೈ ಮುಂದೆ ತರಲಿಲ್ಲ. ಆಮೇಲೆ ಒಂದು ಗಂಟು ಗಳಕ್ಕೆ ತೂಗುಹಾಕಿ, ಕೂಸಿಗೆ ಎಂದು ಹೇಳಿ ಒಳಗೆ ಹೋದಳು. ನಾನು ಆಕೆಯನ್ನು ನೋಡಿದ್ದು ಅದೇ ಕಡೆಯ ಸಲ.

ಅಕ್ಕ ತೀರಿಕೊಂಡ ಸುದ್ದಿಯನ್ನು ಹೇಳಿದವರು ಅತ್ತೆಯವರು. ಬಹಳ ದಿನ ಹಾಸಿಗೆ ಹಿಡಿದಿರಲಿಲ್ಲವಂತೆ. ರೊಟ್ಟಿ ಬಡಿಯುವ ಹೆಂಗಸರು ಹತ್ತಿರ ಕೂಡಲು ಹೋದರೆ ಕೈ ಮಾಡಿ ದೂರ ಕಳಿಸುತ್ತಿದ್ದಳಂತೆ. ಕೊನೆಯ ದಿನ ಅತ್ತೆಯವರೇ ಹೋಗಿದ್ದರು. ಅವರನ್ನೂ ಬರಗೊಡಲಿಲ್ಲ. "ಗಳದ ಈಚೀಗೇ ಕೂತಿದ್ದೆ," ಎಂದರು ಅತ್ತೆಯವರು. "ಆಕಿ ಅಲ್ಲಿ, ನಾ ಇಲ್ಲಿ. ಸಂಜೀತನಕ ಕೂತಿದ್ದೆ."

ಇದನ್ನೆಲ್ಲ ನಾನು ಮೊಮ್ಮಗಳಿಗೆ ಹೇಳಿದ್ದು ಕೊರೋನಾದ ಆ ದಿನಗಳಲ್ಲೇ. ಅವಳು ಮಹಡಿಯ ಮೆಟ್ಟಿಲ ಮೇಲೆ, ನಾನು ಕೆಳಗೆ ನನ್ನ ಹಾಸಿಗೆಯ ಮೇಲೆ. ಕೇಳುತ್ತ ಕೇಳುತ್ತ ಅವಳು ಗಲ್ಲಕ್ಕೆ ಕೈ ಹಚ್ಚಿ ಕೂತುಬಿಟ್ಟಿದ್ದಳು. ನೀನು ಡಾಕ್ಟರು, ಹೇಳು, ನಾದಿನಿಗೆ ಜ್ವರ ಅಕ್ಕನಿಂದ ಬಂದಿತ್ತೇನು ಎಂದು ಕೇಳಿದೆ. ಇಷ್ಟು ವರ್ಷ ಯಾರನ್ನೂ ಕೇಳಿರಲಿಲ್ಲ.

ಅವಳು ಗಲ್ಲದಿಂದ ಕೈ ತೆಗೆದಳು. "ಹೇಳ್ಲಿಕ್ಕೆ ಬರೂದಿಲ್ಲ ಅಜ್ಜಿ," ಎಂದಳು. "ಆಕಿಯಿಂದ ಬಂದಿರಬಹುದು. ನಿಮ್ಮ ಮಾವನಿಂದ ಬಂದಿರಬಹುದು. ಒಂದs ಹಾಸಿಗ್ಯಾಗ ಮಲಗತಿದ್ರಿ ಅಂದ್ಯಲ್ಲ, ನಿನ್ನಿಂದನೂ ಇರಬಹುದು. ಆ ಅಕ್ಕಗೂ ಜ್ವರಾ ನಿಮ್ಮ ಮನಿಯಿಂದನs ಹತ್ತಿರಬಹುದು."

ಹೊರಗೆ ಹಾವೇರಿಯ ರಸ್ತೆ ಬಿಕೋ ಎನ್ನುತ್ತಿತ್ತು.

ಮಾವನವರು ತಮ್ಮಿಂದ ಬಂತೇ ಎಂದು ಎಂದೂ ಕೇಳಿಕೊಳ್ಳಲಿಲ್ಲ. ಅತ್ತೆಯವರು ಕೇಳಿಕೊಂಡರೋ ಇಲ್ಲವೋ ಗೊತ್ತಿಲ್ಲ. ನನಗೆ ಅಂದಿನವರೆಗೂ ಹೊಳೆದಿರಲಿಲ್ಲ. ಜ್ವರದ ಮೈಯಲ್ಲಿ ನಾದಿನಿಯ ಮಗ್ಗುಲಲ್ಲಿ ಮಲಗಿದವಳು ನಾನು. ನಾವೆಲ್ಲ ಅತ್ತೆವು, ನಿಧಾನಕ್ಕೆ ಮರೆತೆವು, ಮಕ್ಕಳನ್ನು ಎತ್ತಿ ಆಡಿಸಿದೆವು. ಅಕ್ಕನೊಬ್ಬಳು ಗಳ ಕಟ್ಟಿಕೊಂಡು ಆಚೆ ನಿಂತಳು. ನಮ್ಮ ಮನೆಯಿಂದಲೇ ನಿನಗೆ ಹತ್ತಿರಬಹುದು ಅಕ್ಕ ಎಂಬ ಇಷ್ಟೇ ಮಾತು ಅಂದು ನನ್ನ ಬಾಯಿಗೆ ಬಂದಿದ್ದರೆ... ಬರಲಿಲ್ಲ, ನನಗೆ ತಿಳಿದಿರಲಿಲ್ಲ. ಈಗ ತಿಳಿದಿದೆ, ಹೇಳೋಣವೆಂದರೆ ಆಕೆ ಇಲ್ಲ.